ಬೆಲ್ಲಾರ್ಡಿನ ಒತ್ತು

ಬಹಳ ಹಿಂದೆ, ನಮ್ಮಜ್ಜ ಇನ್ನೂ ಅಂಗಿ ತೊಡಲು ಕಲಿಯದ ಕಾಲದಲ್ಲಿ, ಘಟ್ಟದ ಬುಡದಲ್ಲಿ ಒಂದು ಊರಿತ್ತು. ಕೆಂಚನಹಟ್ಟಿ ಅಂತ ಅದರ ಹೆಸರು. ಆ ಊರಲ್ಲಿ ಮೋನವ್ವ ಅಂತ ಒಬ್ಬಳಿದ್ದಳಂತೆ. ಎರಕ ಹೊಯ್ಯುವ ಹೆಂಗಸು. ಹೆಂಗಸು ಎರಕ ಹೊಯ್ಯುವುದುಂಟೇ ಅಂತ ಕೇಳಬೇಡಿ. ಅವಳ ಗಂಡ ಕಾಳಪ್ಪ ಕುಲುಮೆಯ ಹೊಗೆ ಕುಡಿದು ಕುಡಿದು ಎದೆ ಕಟ್ಟಿ ಹಾಸಿಗೆ ಹಿಡಿದ. ಅವನ ಇಕ್ಕಳ ಇವಳ ಕೈಗೆ ಬಂತು. ದನದ ಕೊರಳಿನ ಗಂಟೆ, ದೀಪದ ಕಂಬ, ತೊಟ್ಟಿಲ ಕೊಂಡಿ, ಎಲ್ಲ ಹೊಯ್ದಳಂತೆ. ಅವಳು ಹೊಯ್ದ ಗಂಟೆಯ ದನಿ ಮೂರು ಊರು ದಾಟುತ್ತಿತ್ತು ಅನ್ನುತ್ತಾರೆ. ಮೂರೋ, ಒಂದೋ. ಕೇಳಿದವರು ಈಗ ಇಲ್ಲ.

ಆಗ ಘಟ್ಟ ಹತ್ತುತ್ತಿದ್ದುದು ಉದ್ದ ಮೂಗಿನ ಗಾಡಿಗಳು. ಬಸ್ಸಿಗೂ ಮೂಗು, ಲಾರಿಗೂ ಮೂಗು. ಕಡಲಾಚೆಯಿಂದ ಬರುತ್ತಿದ್ದ ಬೆಲ್ಲಾರ್ಡ್ ಗಾಡಿಗಳೇ ಹೆಚ್ಚು. ಈ ಕಡೆಯವರು ಅವನ್ನು ಬೆಲ್ಲದ ಗಾಡಿ ಅಂತಲೇ ಕರೆಯುತ್ತಿದ್ದರಂತೆ. ಆದರೆ ಹೆಸರು ಬರೆಯುವಾಗ ಒಬ್ಬೊಬ್ಬರದು ಒಂದೊಂದು ರೀತಿ. ಬೋರ್ಡ್ ಬರೆಯುವವನು ಒಮ್ಮೆ ಬೆಲಾರ್ಡ್ ಅಂತ ಬರೆದ, ಒಮ್ಮೆ ಬೇಲಾರ ಅಂತ ಬರೆದ. ಅದನ್ನು ಕಂಡರೆ ಸಿಟ್ಟಾಗುತ್ತಿದ್ದವನು ಬಸ್ಸಿನ ಡ್ರೈವರ್ ಹುಸೇನ್‌ಸಾಬ ಒಬ್ಬನೇ. ಗಾಡಿಯ ಮೂಗಿನ ಮೇಲಿನ ಇಂಗ್ಲಿಷ್ ಹೆಸರಿನ ಜೋಡಿ ಎಲ್ ಅಕ್ಷರ ತೋರಿಸಿ ಅವನು ಎಲ್ಲರಿಗೂ ಪಾಠ ಹೇಳುತ್ತಿದ್ದನಂತೆ.

"ನಡುವ ಎರಡು ಕಂಬ ಅದಾವ ನೋಡ್ರಿ. ಅವs ಬೆಲ್ಲದ ಒತ್ತು. ಒಂದು ಕಂಬ ತಗದ್ರ ಬೆಲ್ಲ ಹೋಗಿ ಬರೇ ಬೆಲ ಆಗತೈತಿ. ನನ್ನ ಗಾಡೀಗೆ ಹಂಗ ಬರೀಬ್ಯಾಡ್ರಿ."

ಜನ ನಗುತ್ತಿದ್ದರು. ಮೋನವ್ವನೂ ನಕ್ಕಿದ್ದಳಂತೆ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆ ಜೋಡಿ ಕಂಬ ಮಾತ್ರ ಕಣ್ಣಲ್ಲಿ ಉಳಿಯಿತು.

ಊರ ಹೊರಗೆ, ಘಟ್ಟದ ರಸ್ತೆ ಶುರುವಾಗುವಲ್ಲಿ, ದುಂಡಪ್ಪ ಸಾವಕಾರ ಅನ್ನುವವನು ಗಾಡಿ ಸಾಮಾನಿನ ಅಂಗಡಿ ಇಟ್ಟಿದ್ದ. ಅಸಲಿ ಸಾಮಾನು ಹಡಗಿನಲ್ಲಿ ಬರಬೇಕು, ಬರುವಷ್ಟರಲ್ಲಿ ಮಳೆಗಾಲ ಮುಗಿಯುತ್ತಿತ್ತು. ಒಂದು ದಿನ ಅವನು ಮೋನವ್ವನ ಕುಲುಮೆಗೆ ಬಂದು ಬೊಗಸೆಯಷ್ಟು ದೊಡ್ಡ ಒಂದು ಲೋಹದ ಬಟ್ಟಲು ಕೊಟ್ಟನಂತೆ. ಇದರ ಹಾಗೇ ಹೊಯ್ದು ಕೊಡು, ಮೈಮೇಲಿನ ಹೆಸರೂ ಹಾಗೇ ಇರಲಿ ಅಂದನಂತೆ. ಯಾತಕ್ಕೆ ಅಂತ ಅವಳು ಕೇಳಿದಳು. ನೀರೆತ್ತುವ ಯಂತ್ರಕ್ಕೆ ಅಂದ. ಕರಗಿಸಲು ಲೋಹವನ್ನೂ ಅವನೇ ಕಳಿಸಿದ. ಸೀಸ ಬೆರೆತ ಹಳೇ ಪಾತ್ರೆ, ಮುರುಕು ನಲ್ಲಿ, ಒಡಕು ಹಿಡಿಕೆ. ಈ ಲೋಹಕ್ಕೆ ತ್ರಾಣ ಇಲ್ಲ ಅಂತ ಮೋನವ್ವ ಹೇಳಿದಳಂತೆ. ನೀರಿಗೆ ಎಷ್ಟು ತ್ರಾಣ ಬೇಕು ಅಂತ ಅವನು ನಕ್ಕನಂತೆ. ಅವಳು ಹೊಯ್ದು ಕೊಟ್ಟಳು.

ಮಳೆ ನಿಂತ ಮೇಲೆ ಹಂಚು ಹೇರಿದ ಒಂದು ಬೆಲ್ಲಾರ್ಡ್ ಲಾರಿ ಘಟ್ಟ ಇಳಿಯುತ್ತ ಕಂದಕಕ್ಕೆ ಬಿತ್ತು. ತಿಪ್ಪಣ್ಣ ಅನ್ನುವ ಡ್ರೈವರ್, ಅವನ ಜೊತೆಗಿದ್ದ ಕ್ಲೀನರ್, ಇಬ್ಬರೂ ಹೋದರು. ಊರೆಲ್ಲ ನೋಡಲು ಹೋಯಿತು, ಮೋನವ್ವನೂ ಹೋದಳು. ಹಂಚಿನ ಚೂರು, ಗಾಜಿನ ಚೂರು, ಅವುಗಳ ನಡುವೆ ಬಂಡೆಯ ಮೇಲೆ ಅರ್ಧ ಸೀಳಿದ ಒಂದು ಬಟ್ಟಲು. ತಾನು ಹೊಯ್ದದ್ದನ್ನು ತಾನು ಗುರುತಿಸದೆ ಇರುತ್ತಾಳೆಯೇ? ಹತ್ತಿರ ನಿಂತಿದ್ದ ಹುಸೇನ್‌ಸಾಬನನ್ನು, ಇದು ಗಾಡಿಯಲ್ಲಿ ಏನು ಮಾಡುತ್ತದೆ ಅಂತ ಕೇಳಿದಳಂತೆ. ಬ್ರೇಕಿನ ಎಣ್ಣೆಯ ಬಟ್ಟಲು, ಡ್ರೈವರ್ ಕಾಲು ಒತ್ತಿದಾಗ ಅಷ್ಟೂ ಭಾರ ಇದರ ಮೇಲೆ ಬೀಳುತ್ತದೆ, ಗಾಡಿಯೊಳಗಿನ ಜೀವವೆಲ್ಲ ಇದರ ಮೇಲೆ, ಅಂತ ಅವನು ಹೇಳಿದನಂತೆ. ಅವಳು ಆ ಚೂರನ್ನು ಎತ್ತಿ ಸೆರಗಿಗೆ ಕಟ್ಟಿಕೊಂಡಳಂತೆ.

ಅಲ್ಲಿಂದ ನೆಟ್ಟಗೆ ದುಂಡಪ್ಪನ ಅಂಗಡಿಗೆ ಹೋದಳಂತೆ. ಚೂರನ್ನು ಅವನ ಗಾದಿಯ ಮೇಲೆ ಇಟ್ಟಳಂತೆ. ಇನ್ನು ನಾನು ಹೊಯ್ಯುವುದಿಲ್ಲ, ನಾಳೆ ಠಾಣೆಗೆ ಹೋಗುತ್ತೇನೆ ಅಂದಳಂತೆ. ದುಂಡಪ್ಪ ದನಿ ಏರಿಸಲಿಲ್ಲ.

"ಹೋಗವಾ. ಅಚ್ಚು ಯಾರದು? ನಿಂದು. ಕುಲುಮಿ ಯಾರದು? ನಿಂದು. ಇಬ್ಬರನ್ನ ಕೊಂದಾಕಿ ಅಂತ ಹೇಳ್ಕೊ ಹೋಗು. ನಿನ್ನ ಗಂಡಗ ಗಂಜಿ ಯಾರು ಕುಡಸ್ತಾರ, ಅದನ್ನೂ ಕೇಳ್ಕೊಂಡು ಬಾ."

ಅವಳು ಮನೆಗೆ ಬಂದಳು. ಬೆಳಗಾಗುತ್ತಲೇ ಭರಮ ಅನ್ನುವ ದುಂಡಪ್ಪನ ಆಳು ಬಾಗಿಲಲ್ಲಿ ಬಂದು ಕೂತ. ಕುಲುಮೆಗೆ ಹೋದರೆ ಹಿಂದೆ, ನೀರಿಗೆ ಹೋದರೆ ಹಿಂದೆ. ಇನ್ನೊಂದು ಹೇರು ಮುರುಕು ಲೋಹ ಅಂಗಳದಲ್ಲಿ ಬಿತ್ತು.

ಹೊಯ್ಯದಿದ್ದರೆ ಇವನು ಇನ್ನೊಬ್ಬರ ಹತ್ತಿರ ಹೊಯ್ಯಿಸುತ್ತಾನೆ. ಹೊಯ್ದರೆ ಇನ್ನೊಂದು ಗಾಡಿ ಬೀಳುತ್ತದೆ. ಮೋನವ್ವ ಮೇಣದ ಬಟ್ಟಲು ಮಾಡುತ್ತ, ಅದರ ಮೇಲೆ ಮೇಣದ ಅಕ್ಷರ ಅಂಟಿಸುತ್ತ ಇದನ್ನೇ ಯೋಚಿಸುತ್ತಿದ್ದಳಂತೆ. ಹಾಗೆ ಯೋಚಿಸುತ್ತ ಬೆರಳು ಜೋಡಿ ಕಂಬದ ಮೇಲೆ ಬಂದು ನಿಂತಿತಂತೆ. ಭರಮ ಎದುರಿಗೇ ಕೂತಿದ್ದ. ಅವಳು ಒಂದು ಕಂಬವನ್ನು ಉಗುರಿನಿಂದ ಕಿತ್ತಳು. ಉಳಿದ ಅಕ್ಷರಗಳನ್ನು ಮೆಲ್ಲಗೆ ಹತ್ತಿರ ಸರಿಸಿದಳು. ಮೇಲೆ ಮಣ್ಣು ಮೆತ್ತಿದಳು, ಕಾಸಿ ಮೇಣ ಕರಗಿ ಹೋದ ಜಾಗಕ್ಕೆ ಲೋಹ ಹೊಯ್ದಳು. ಮತ್ತೊಂದಕ್ಕೂ ಹಾಗೇ ಮಾಡಿದಳು, ಅದರ ಮುಂದಿನದಕ್ಕೂ ಹಾಗೇ ಮಾಡಿದಳು.

ಬಟ್ಟಲು ತಣ್ಣಗಾದ ಮೇಲೆ ದುಂಡಪ್ಪ ತಾನೇ ಬಂದ. ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಅಕ್ಷರದ ಮೇಲೆ ಬೆರಳು ಎಳೆಯುತ್ತ, "ಬೆಲ್... ಲಾರ್ಡ್" ಅಂತ ಓದಿದ. ಮೋನವ್ವ ಬೂದಿ ಕೆದರುತ್ತ ಕೂತಿದ್ದಳು. ಅವನು ಇನ್ನೊಮ್ಮೆ ಓದಿದ. ಮೊದಲೇ ಗೊತ್ತಿರುವ ಹೆಸರನ್ನು ಯಾರು ಅಕ್ಷರ ಕೂಡಿಸಿ ಓದುತ್ತಾರೆ? "ಚಲೋ ಆಗ್ಯಾವ" ಅಂದು ಚೀಲಕ್ಕೆ ಹಾಕಿಸಿಕೊಂಡು ಹೋದ.

ಖೋಟಾ ಮಾಲಿಗೆ ಗುರುತು ಬಿತ್ತು, ಈಗ ಡ್ರೈವರುಗಳಿಗೆ ಸುದ್ದಿ ಮುಟ್ಟಬೇಕು. ಬಾವಿಕಟ್ಟೆಯಲ್ಲಿ ಹುಸೇನ್‌ಸಾಬನ ಹೆಂಡತಿ ಮಹಬೂಬಿ ನೀರು ಸೇದುತ್ತಿದ್ದಳು. ಭರಮ ಬೀಡಿ ಹಚ್ಚಿ ಅಲ್ಲೇ ನಿಂತಿದ್ದ. ಮೋನವ್ವ ಹಗ್ಗ ಬಿಡುತ್ತ ಹೇಳಿದಳಂತೆ.

"ಮಾಬೂಬಿ, ದುಂಡಪ್ಪನ ಅಂಗಡ್ಯಾಗಿನ ಹೊಸ ಬೆಲ್ಲಕ್ಕ ಒತ್ತಿಲ್ಲವಾ. ನಿನ್ನ ಗಂಡಗ ಹೇಳು. ಒತ್ತು ಇಲ್ಲದ್ದು ಯಾರೂ ತಗೋಬಾರದು. ತಿಪ್ಪಣ್ಣ ತಗೊಂಡಿದ್ದೂ ಇಂಥ ಮಾಲs."

ಭರಮನಿಗೆ ಅದು ಹೆಂಗಸರ ಬೆಲ್ಲದ ಮಾತು. ಮಹಬೂಬಿ ಮಾತ್ರ ಹಗ್ಗ ಹಿಡಿದವಳು ಹಾಗೇ ನಿಂತಳಂತೆ. ಗಂಡನ ಪಾಠ ಕೇಳಿ ಕೇಳಿ ಅವಳಿಗೆ ಬಾಯಿಪಾಠ ಆಗಿತ್ತು.

"ಅಕ್ಕಾ, ಅವರು ಮುಂಜಾನೆನs ಹೊಸಾ ಬೆಲ್ಲ ಹಾಕಿಸ್ಕೊಂಡು ಮ್ಯಾಲಿನೂರಿಗೆ ಹೋದ್ರು. ಮದುವಿ ಮಂದೀನ ಕರಕೊಂಡು ಈಗ ಇಳೀತಾರ."

ಮೋನವ್ವನ ಕೈಯಿಂದ ಕೊಡ ಬಾವಿಗೆ ಬಿತ್ತು. ಅವಳು ಓಡಿದಳು. ಭರಮ ಕೂಗಿದ, ಅಡ್ಡ ಬಂದ, ಮಹಬೂಬಿ ತುಂಬಿದ ಕೊಡ ಅವನ ಕಾಲಿಗೆ ಉರುಳಿಸಿದಳು ಅನ್ನುತ್ತಾರೆ. ರಸ್ತೆ ಹಾವಿನ ಹಾಗೆ ಸುತ್ತಿ ಸುತ್ತಿ ಹತ್ತುತ್ತದೆ, ಸೌದೆಯವರ ಕಾಲುದಾರಿ ನೆಟ್ಟಗೆ ಹತ್ತುತ್ತದೆ. ಅವಳು ಕಾಲುದಾರಿ ಹಿಡಿದಳು. ಸೀರೆ ಮುಳ್ಳಿಗೆ ಹರಿಯಿತು. ಬಾಯಲ್ಲಿ ರಕ್ತದ ರುಚಿ ಬಂತಂತೆ. ಮೇಲಿನಿಂದ ಗಾಡಿಯ ಸದ್ದು ಕೇಳುತ್ತಿತ್ತು, ಅದರೊಳಗೆ ಹೆಂಗಸರು ಹಾಡುತ್ತಿದ್ದುದೂ ಕೇಳುತ್ತಿತ್ತು.

ನೆತ್ತಿಯ ಬಯಲು ಮುಗಿದು ಇಳಿಜಾರು ಶುರುವಾಗುವ ಕಡೆ ಒಂದು ತಿರುವಿದೆ. ಅಲ್ಲಿ ಅವಳು ರಸ್ತೆಯ ನಡುವೆ ಕೈಯಗಲಿಸಿ ನಿಂತಳು. ಬಸ್ಸನ್ನು ಅವಳು ಎದೆಯಿಂದ ತಡೆದಳು ಅಂತ ಹೇಳುವವರಿದ್ದಾರೆ. ಅವಳ ಮೈಯೇ ಕಂಚಾಗಿತ್ತು ಅಂತಲೂ ಹೇಳುತ್ತಾರೆ. ನಾನು ಕೇಳಿದ್ದು ಹೀಗೆ. ಬಯಲಿನಲ್ಲಿ ಗಾಡಿ ನಿಧಾನ ಇತ್ತು, ಹುಸೇನ್‌ಸಾಬ ಬ್ರೇಕ್ ಒತ್ತಿದ, ಗಾಡಿ ಅವಳ ಮುಂದೆ ಬಂದು ನಿಂತಿತು. ಬ್ರೇಕು ಹಿಡಿಯಿತು. ಅದೇ ಕಷ್ಟ ಆಯಿತು.

"ಮಂದಿ ಇಳಸು" ಅಂದಳಂತೆ ಮೋನವ್ವ. "ಬಟ್ಟಲು ಖೋಟಾ ಐತಿ. ನಾನs ಹೊಯ್ದದ್ದು."

ಬಸ್ಸಿನವರು ರೇಗಿದರು. ಮುಹೂರ್ತ ಮೀರುತ್ತದೆ ಅಂದರು, ಹುಚ್ಚಿ ಅಂದರು, ಪಕ್ಕಕ್ಕೆ ಎಳೆಯಿರಿ ಅಂದರು. ಅಷ್ಟರಲ್ಲಿ ಕೆಳಗಿನಿಂದ ಜೀಪು ಬಂತು. ದುಂಡಪ್ಪ ಇಳಿದ, ಭರಮನೂ ಇಳಿದ. ದುಂಡಪ್ಪ ಮದುವೆಯ ಹಿರಿಯರಿಗೆ ಕೈಮುಗಿದ. ಪಾಪದ ಹೆಂಗಸು, ಗಂಡನ ರೋಗ ನೋಡಿ ತಲೆ ಕೆಟ್ಟಿದೆ, ಕ್ಷಮಿಸಿ ಅಂದ. ಬ್ರೇಕು ಹಿಡಿದದ್ದು ನೀವೇ ನೋಡಿದಿರಲ್ಲ ಅಂದ. ಜನ ತಲೆಯಾಡಿಸಿದರು. ಭರಮ ಅವಳ ರಟ್ಟೆ ಹಿಡಿದು ಜೀಪಿನ ಕಡೆ ಎಳೆದ. ಹುಸೇನ್‌ಸಾಬ ಸ್ಟೇರಿಂಗ್ ಹಿಡಿದು ಒಮ್ಮೆ ಅವಳನ್ನು, ಒಮ್ಮೆ ಇಳಿಜಾರನ್ನು ನೋಡುತ್ತಿದ್ದ.

ಆಗ ಮೋನವ್ವ ಹೇಳಿದಳಂತೆ:

"ಸಾವಕಾರ, ನಾ ಹುಚ್ಚಿನs ಇರಲಿ. ಈ ಮಂದೀನ ಕೆಳಗ ಇಳಸೂಣು, ನೀ ಒಬ್ಬಾಂವ ಹತ್ತು. ಹುಸೇನ್‌ಸಾಬನ ಬಾಜೂಕ ನಾನೂ ಕುಂದರ್ತೀನಿ. ಮೂವರೂ ಇಳದು ಹೋಗೂಣು. ಕೆಳಗ ಮುಟ್ಟಿದ್ರ ನನ್ನ ನಾಲಿಗಿ ಕತ್ತರಸು."

ದುಂಡಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತಂತೆ. ಬಸ್ಸು ಹತ್ತಿ ಸಾವಕಾರ್ರ, ಅಂತ ಮದುವೆಯ ಹಿರಿಯನೇ ಹೇಳಿದ, ನಿಮ್ಮ ಸಾಮಾನಲ್ಲವೇ ಅಂದ. ನನಗೆ ಜೀಪಿದೆ ಅಂದ ದುಂಡಪ್ಪ. ಜೀಪು ಇಲ್ಲೇ ಇರಲಿ, ಹತ್ತಿ ಅಂದರು. ಅಂಗಡಿಯಲ್ಲಿ ಕೆಲಸವಿದೆ ಅಂದ. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಬಸ್ಸಿನೊಳಗಿನ ಹಾಡು ಯಾವಾಗಲೋ ನಿಂತಿತ್ತು. ಮೊದಲು ಮದುಮಗಳ ಅವ್ವ ಕೆಳಗಿಳಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು.

ಗಾಡಿ ಖಾಲಿಯಾದ ಮೇಲೆ ಹುಸೇನ್‌ಸಾಬ ಚಕ್ರಗಳಿಗೆ ಕಲ್ಲು ಕೊಡಿಸಿ, ಸೀಟಿನಿಂದ ಅರ್ಧ ಎದ್ದು, ಘಟ್ಟ ಇಳಿಯುವಾಗ ಒತ್ತುವ ಹಾಗೆ ಬ್ರೇಕನ್ನು ಮೈಭಾರ ಬಿಟ್ಟು ತುಳಿದ. ಮತ್ತೊಮ್ಮೆ ತುಳಿದ. ಗಾಡಿಯ ಮೂತಿಯೊಳಗೆ ಟಕ್ ಅಂತು. ಪೆಡಲು ಹಲಗೆಗೆ ಅಂಟಿಕೊಂಡಿತು. ಎಣ್ಣೆ ರಸ್ತೆಗೆ ಹರಿದು, ಇಳಿಜಾರು ಹಿಡಿದು, ತಿರುವಿನ ಅಂಚಿನವರೆಗೆ ಹೋಯಿತಂತೆ. ಮೂತಿ ತೆರೆದು ನೋಡಿದರು. ಸೀಳಿದ ಬಟ್ಟಲಿನ ಮೇಲೆ ಅಕ್ಷರಗಳ ನಡುವೆ ಒಂದೇ ಕಂಬ.

ದುಂಡಪ್ಪನನ್ನು ಅಲ್ಲೇ ಮುಗಿಸುತ್ತಿದ್ದರೇನೋ. ಮೋನವ್ವ ಬಿಡಲಿಲ್ಲವಂತೆ. ಅವನು ಠಾಣೆಗೆ ಬರಲಿ, ನಾನೂ ಬರುತ್ತೇನೆ, ತಿಪ್ಪಣ್ಣನ ಗಾಡಿಯ ಬಟ್ಟಲೂ ನನ್ನದೇ ಅಂದಳಂತೆ. ನಿನ್ನ ಹೆಸರು ಎತ್ತುವುದಿಲ್ಲ, ಸುಮ್ಮನಿರು ಅಂತ ಹುಸೇನ್‌ಸಾಬ ಎಷ್ಟು ಬೇಡಿದರೂ ಕೇಳಲಿಲ್ಲ. ತಾನೇ ಹೇಳಿದಳು, ತಾನೇ ಹೆಬ್ಬೆಟ್ಟು ಒತ್ತಿದಳು. ದುಂಡಪ್ಪನಿಗೆ ಬಹಳ ವರ್ಷ ಶಿಕ್ಷೆ ಆಯಿತು. ಅವಳಿಗೂ ಒಂದು ಮಳೆಗಾಲ ಜೈಲಾಯಿತು. ಆ ಮಳೆಗಾಲದಲ್ಲೇ ಕಾಳಪ್ಪ ತೀರಿಕೊಂಡ. ಕೊನೆಯ ತನಕ ಅವನಿಗೆ ಗಂಜಿ ಕುಡಿಸಿದವಳು ಮಹಬೂಬಿಯಂತೆ.

ಬಿಡುಗಡೆಯ ದಿನ ಹುಸೇನ್‌ಸಾಬ ಬಸ್ಸು ತಂದು ಜೈಲಿನ ಮುಂದೆ ನಿಲ್ಲಿಸಿದ. ಮುಂದಿನ ಸೀಟು ಖಾಲಿ ಇಟ್ಟಿದ್ದ. ಹತ್ತುವ ಮೊದಲು ಮೋನವ್ವ ಗಾಡಿಯ ಮೂಗಿನ ಹತ್ತಿರ ಹೋಗಿ, ಹೆಸರಿನ ಮೇಲೆ ಹೆಬ್ಬೆರಳು ಎಳೆದು, ಜೋಡಿ ಕಂಬ ಮುಟ್ಟಿ ನೋಡಿದಳಂತೆ. ಆಮೇಲೆ ಅಲ್ಲೇ ಕೂತು ಅತ್ತಳಂತೆ. ಗಂಡನಿಗೆ ಅತ್ತಳೋ, ತಿಪ್ಪಣ್ಣನಿಗೆ ಅತ್ತಳೋ, ಯಾರೂ ಕೇಳಲಿಲ್ಲ.

ಅವಳು ಹೋಗಿ ಎಷ್ಟು ಕಾಲವಾಯಿತೋ. ಬೆಲ್ಲದ ಗಾಡಿಗಳು ಗುಜರಿಗೆ ಹೋಗಿಯೂ ಬಹಳ ಕಾಲವಾಯಿತು. ಆದರೆ ಈಗಲೂ ಆ ತಿರುವಿನಲ್ಲಿ ಲಾರಿ, ಬಸ್ಸು, ಟೆಂಪೊ, ಯಾವುದಿದ್ದರೂ ಒಂದು ಗಳಿಗೆ ನಿಲ್ಲುತ್ತದೆ. ಡ್ರೈವರ್ ಇಳಿಯುತ್ತಾನೆ. ಗಾಡಿಯ ಹೆಸರಿನ ಮೇಲೆ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಹೆಬ್ಬೆರಳು ಎಳೆಯುತ್ತಾನೆ. ಆಮೇಲೆ ಸೀಟಿಗೆ ಹೋಗಿ, ಗಾಡಿ ನಿಂತಿರುವಾಗಲೇ ಬ್ರೇಕನ್ನು ಮೈಭಾರ ಬಿಟ್ಟು ತುಳಿದು ನೋಡುತ್ತಾನೆ. ಯಾರೂ ಅವಸರ ಮಾಡುವುದಿಲ್ಲ. ಮದುವೆಯ ಬಸ್ಸಾದರೆ, ಅವನು ಬ್ರೇಕ್ ತುಳಿದು ಮುಗಿಸುವ ತನಕ ಒಳಗಿನ ಹೆಂಗಸರು ಹಾಡು ನಿಲ್ಲಿಸಿ ಕೂತಿರುತ್ತಾರೆ.