ಹೋಳಿಗೆಯ ಮುಂದೆ ನೂರು ಹ್ಯಾಂಡು

"ಹ್ಯಾಂಡ್ ಅನ್ನೋ ಒಂದೇ ಮಾತು ಸಾಕು ಮಹಾರಾಜರೇ, ಅದರಿಂದ ನಮ್ಮ ಭಾಷೆ ನೂರು ಮಾತು ಹುಟ್ಟಿಸುತ್ತದೆ!"

ಕಡವಿನಕೋಟೆಯ ತುಂಬಿದ ಸಭೆಯಲ್ಲಿ ಹೀಗೆ ಕೊಚ್ಚಿಕೊಂಡವನು ಬಿಲ್ಟನ್ ದೊರೆ. ಇಂಗ್ಲಿಷರ ಕಡೆಯಿಂದ ಸಂಸ್ಥಾನದ ಉಸ್ತುವಾರಿಗೆ ಬಂದಿದ್ದ. ಮಹಾಶಯ ಪುಸ್ತಕ ಓದಿ ಕನ್ನಡ ಕಲಿತಿದ್ದ. ಕಲಿತದ್ದೇ ತಡ, ಅದನ್ನು ಅರಮನೆಯಿಂದಲೇ ಓಡಿಸಲು ಹೊರಟಿದ್ದ.

"ಹಿಡಿಕೆಗೆ ಹ್ಯಾಂಡಲ್. ಮೂಗೊರೆಸುವ ಬಟ್ಟೆಗೆ ಹ್ಯಾಂಡ್‌ಕರ್ಚೀಫ್. ಚೆಲುವನಿಗೆ ಹ್ಯಾಂಡ್‌ಸಮ್. ಕಳ್ಳನ ಬೇಡಿಗೆ ಹ್ಯಾಂಡ್‌ಕಫ್. ಇಂಥ ಭಾಷೆ ಇರುವಾಗ ಅರಮನೆಯ ಶಾಲೆಗೆ ಕನ್ನಡ ಯಾಕೆ? ಆ ಪಂಡಿತನನ್ನು ಮನೆಗೆ ಕಳಿಸಿ!"

ಮೂಲೆಯಲ್ಲಿದ್ದ ನಂಜುಂಡ ಪಂಡಿತರ ಮುಖ ಬಾಡಿತು. ರಾಜ ವೀರಪ್ಪರಸನ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಗುರು ಅವರು. ಆಗದು ಅಂದರೆ ದೊರೆ ಸಿಂಹಾಸನಕ್ಕೇ ಕೈ ಹಾಕುತ್ತಾನೆ. ಗತಿಯಿಲ್ಲದೆ ರಾಜ ಬೊಮ್ಮರಸನ ಕಡೆ ನೋಡಿದ. ಆಸ್ಥಾನದಲ್ಲಿ ಕಿತಾಪತಿಗೆ ಅವನೇ ಹೆಸರುವಾಸಿ.

ಬೊಮ್ಮರಸ ಎದ್ದು ನಿಂತ. "ದೊರೆಗಳು ಹೇಳಿದ್ದು ಸರಿ, ನಮ್ಮಲ್ಲಿ ಅಷ್ಟು ಮಾತಿಲ್ಲ. ಆದರೂ ಮಾತು ಅಂದಮೇಲೆ ಕೆಲಸಕ್ಕೆ ಬರಬೇಕಲ್ಲ? ಮಧ್ಯಾಹ್ನ ಊಟಕ್ಕೆ ಬನ್ನಿ. ಬಡಿಸುವ ತಾಯಮ್ಮನನ್ನು ಬರೀ ಮಾತಿನಿಂದ ನಿಲ್ಲಿಸಿಬಿಡಿ. ಇಂಗ್ಲಿಷಾದರೂ ಸರಿ, ಕನ್ನಡವಾದರೂ ಸರಿ. ನಿಲ್ಲಿಸಿದರೆ ಕನ್ನಡ ಪಾಠ ಬಂದ್. ಆಗದಿದ್ದರೆ ಪಂಡಿತರು ಇಲ್ಲೇ ಇರುತ್ತಾರೆ."

"ಇಷ್ಟೇನಾ?" ಎಂದು ದೊರೆ ನಕ್ಕು ಒಪ್ಪಿಕೊಂಡ.

ಎಲೆ ಹಾಕಿದರು. ದೊರೆ ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಮುಳ್ಳುಚಮಚ ಹಿಡಿದು ಕೂತ. ತಾಯಮ್ಮ ಹೋಳಿಗೆ ಹಾಕಿದಳು, ಮೇಲೆ ತುಪ್ಪ ಸುರಿದಳು. ತಿಂದ. ಇನ್ನೊಂದು ಬಿತ್ತು. ಅದನ್ನೂ ತಿಂದ. ಮತ್ತೊಂದು ಬಿತ್ತು.

"ಸಾಕು," ಎಂದ ದೊರೆ.

"ಅಯ್ಯೋ, ಎಲ್ಲರೂ ಹಂಗೇ ಅಂತಾರೆ. ಸಂಕೋಚ ಮಾಡ್ಕೋಬೇಡಿ," ಎಂದು ತಾಯಮ್ಮ ಇನ್ನೆರಡು ಹಾಕಿದಳು.

"ಬೇಡ! ನನಗೆ ಬೇಡ!"

"ಬೇಡ ಬೇಡ ಅಂತಾನೇ ನಮ್ಮ ಯಜಮಾನ್ರು ಹತ್ತು ತಿಂತಿದ್ರು," ಎಂದು ಪಾಯಸವನ್ನೂ ಸುರಿದಳು.

ದೊರೆಯ ಮುಖ ಕೆಂಪಾಯಿತು. ಕೋಪದಲ್ಲಿ ಕನ್ನಡ ಮರೆತೇಹೋಯಿತು. "ಹ್ಯಾಂಡ್‌ಬ್ಯಾಗ್! ಹ್ಯಾಂಡ್‌ಶೇಕ್! ಸೆಕೆಂಡ್‌ಹ್ಯಾಂಡ್!" ಎಂದು ಕೂಗಾಡಿದ.

"ಪಾಪ, ಇನ್ನೂ ಹಸಿವು," ಅಂದಳು ತಾಯಮ್ಮ. ಮತ್ತೆರಡು ಹೋಳಿಗೆ ಬಿದ್ದವು. ರಾಜ ನಗು ತಡೆಯಲಾರದೆ ಶಲ್ಯವನ್ನು ಬಾಯಿಗೆ ತುರುಕಿಕೊಂಡ.

ತುಪ್ಪದ ಗಿಂಡಿ ಮತ್ತೆ ಬಾಗಿತು. ಇನ್ನು ತನ್ನ ಕೈಲಾಗದು ಅನಿಸಿ ದೊರೆ ಎರಡೂ ಚಮಚ ಬಿಸಾಕಿದ. ಅಂಗೈಯಗಲಿಸಿ ಎಲೆಯ ಮೇಲೆ ಅಡ್ಡ ಹಿಡಿದ.

ತಾಯಮ್ಮ ತಟಕ್ಕನೆ ನಿಂತಳು. "ಹೀಗೆ ಹಿಡಿದರೆ ತಾನೇ ಗೊತ್ತಾಗೋದು! ಆಗಲೇ ಹಿಡಿಯೋಕೆ ಏನಾಗಿತ್ತು ನಿಮಗೆ?" ಎಂದು ಗದರಿ ಮುಂದಿನ ಎಲೆಗೆ ಹೋದಳು.

ದೊರೆ ಏದುಸಿರು ಬಿಡುತ್ತಾ ಗೊಣಗಿದ: "ನನ್ನ ಯಾವ ಪುಸ್ತಕದಲ್ಲೂ ಇದನ್ನು ಬರೆದಿರಲಿಲ್ಲ!"

"ನಮ್ಮ ಪಂಡಿತರನ್ನು ಕೇಳಿದ್ದರೆ ಹೇಳುತ್ತಿದ್ದರು," ಎಂದ ಬೊಮ್ಮರಸ. "ತಾಯಮ್ಮನನ್ನು ನಿಲ್ಲಿಸಿದ್ದು ಮಾತಲ್ಲ, ನಿಮ್ಮ ಕೈ; ಪಂಥ ಸೋತಿರಿ. ಆದರೂ ಅವರನ್ನು ಮನೆಗೆ ಕಳಿಸಲೇಬೇಕು ಅಂದರೆ ಕಳಿಸೋಣ. ಆದರೆ ದೊರೆಗಳೇ, ಇವತ್ತು ರಾತ್ರಿಯೂ ತಾಯಮ್ಮನೇ ಬಡಿಸೋದು!"