ಕೆಂಡಗಣ್ಣನನ್ನು ಬರೆದವನು

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠವಿತ್ತು. ಅಲ್ಲಿ ಇದ್ದವರು ಒಬ್ಬರೇ ಅಜ್ಜ. ಅವರ ಹತ್ತಿರ ಹಳಗನ್ನಡ ಓದಲು ದಾಕ್ಷಾಯಣಿ ಪ್ರತಿ ಭಾನುವಾರ ಬರುತ್ತಿದ್ದಳು. ಹತ್ತಿರದ ಊರಿನ ಶಾಲೆಯಲ್ಲಿ ಟೀಚರು. ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು.

ಆ ಭಾನುವಾರ ಅವಳು ಪುಸ್ತಕ ತಂದಿರಲಿಲ್ಲ. ಮೆಟ್ಟಿಲ ಮೇಲೆ ಕೂತವಳು ಎರಡು ಸಲ ಹಿಂದೆ ತಿರುಗಿ ನೋಡಿದಳು.

"ಯಾರರ ಬರೋರಿದ್ದಾರೇನವ್ವಾ?" ಎಂದರು ಅಜ್ಜ.

"ಬರಬಾರದು ಅಂತ ನೋಡಾಕತ್ತೀನ್ರಿ ಅಜ್ಜಾರ."

ಅವಳೇ ಹೇಳಿದಳು.

ಫೋನಿನಲ್ಲಿ ಒಂದು ಬಳಗ. ಮೂವತ್ತು ಮಂದಿ ಸೇರಿ ಒಂದೇ ಕಥೆ ಬರೆಯುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಒಬ್ಬರು ತಮ್ಮ ಪಾತ್ರದ ಮಾತು ಬರೆದರೆ ಇನ್ನೊಬ್ಬರು ತಮ್ಮ ಪಾತ್ರದ ಬಾಯಿಂದ ಉತ್ತರ ಕೊಡುತ್ತಾರೆ. ಯಾರೂ ಯಾರ ಮುಖವನ್ನೂ ಕಂಡಿಲ್ಲ.

ದಾಕ್ಷಾಯಣಿ ಬರೆಯುವುದು ಕೋಟೆಯ ಒಡತಿ ಹೊನ್ನಾಂಬೆಯನ್ನು. ಅವಳ ವೈರಿ ಕೆಂಡಗಣ್ಣ ಎಂಬ ದಳವಾಯಿ. ಕೆಂಡಗಣ್ಣನನ್ನು ಬರೆಯುವವನಿಗೆ ಬಳಗದಲ್ಲಿ 'ಮುಳ್ಳುಬೇಲಿ' ಎಂದು ಹೆಸರು.

ಮೊದಮೊದಲು ಇವರಿಬ್ಬರ ಜಗಳ ಓದಲು ಉಳಿದವರು ಕಾದು ಕೂರುತ್ತಿದ್ದರು. ಬರಬರುತ್ತ ಯಾರ ಮಾತಿಗೆ ಹೆಚ್ಚು ಮೆಚ್ಚುಗೆ ಬೀಳುತ್ತದೆ ಎಂಬ ಹಟ ಹತ್ತಿತು. ಅವನು ಹೊನ್ನಾಂಬೆಯ ತಮ್ಮನನ್ನು ಕೊಲ್ಲಿಸಿದ. ದಾಕ್ಷಾಯಣಿಗೆ ತಡೆಯಲಾಗಲಿಲ್ಲ. ಬಳಗದ ಇನ್ನಿಬ್ಬರನ್ನು ಜೊತೆ ಮಾಡಿಕೊಂಡು, ಅವನನ್ನು ಒಂದು ಮಾತೂ ಕೇಳದೆ, ಕೆಂಡಗಣ್ಣನ ಬಲಗೈ ಕಡಿಸಿಬಿಟ್ಟಳು.

"ಬರೆಯೋರನ್ನ ಕೇಳದ ಅವರ ಪಾತ್ರಕ್ಕ ಹಂಗ ಮಾಡಬಾರದ್ರಿ. ನಿಯಮ ಐತಿ. ಗೊತ್ತಿದ್ದ ಮಾಡಿದ್ನಿ. ಸಿಟ್ಟು ಬಂದಿತ್ತು."

"ಆಮ್ಯಾಲೆ?"

"ಎಂಟು ದಿನ ಅಂವ ಒಂದಕ್ಷರ ಬರೀಲಿಲ್ಲ. ಒಂಬತ್ತನೇ ದಿನ ಒಂದ ಸಾಲು ಬಂತ್ರಿ."

"ಓದು."

ಅವಳು ಫೋನು ತೆಗೆದಳು. ಓದಿದಳು.

"'ನಿನ್ನ ಬಾಗಿಲು ಯಾವುದೆಂದು ತಿಳಿಯಿತು ಹೊನ್ನಾಂಬೆ. ಬರುತ್ತಿದ್ದೇನೆ.'"

ಯಾವಾಗಲೋ ಒಮ್ಮೆ ಹರಟೆಯ ನಡುವೆ, ತನ್ನ ಮನೆಯ ಬಾಗಿಲು ನೀಲಿ, ಎದುರಿಗೆ ಬೇವಿನ ಮರ ಎಂದು ಅವಳು ಬಳಗದಲ್ಲಿ ಹೇಳಿದ್ದಳು. ಆ ಸಾಲು ಓದಿದ ಕ್ಷಣ ಅದು ನೆನಪಾಯಿತು. ಅಂದಿನಿಂದ ನಾಲ್ಕು ದಿನ ಅವಳಿಗೆ ಸರಿಯಾಗಿ ಉಸಿರಾಡಲು ಆಗಿಲ್ಲ.

ಶಾಲೆಯ ಗೇಟಿನ ಹತ್ತಿರ ಹೆಲ್ಮೆಟ್ ತೆಗೆಯದೆ ನಿಂತಿದ್ದ ಒಬ್ಬನನ್ನು ಕಂಡು ಅವಳ ಕೈಯಿಂದ ಸೀಮೆಸುಣ್ಣ ಬಿದ್ದಿತ್ತು. ಆತ ಮೂರನೇ ತರಗತಿಯ ಹುಡುಗಿಯೊಬ್ಬಳ ಸೋದರಮಾವ. ಸಿಲಿಂಡರ್ ತಂದವನು ಬಾಗಿಲು ಬಡಿದಾಗ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು. ಅವನು ಎರಡು ಸಲ ಕೂಗಿ ಹೊರಟುಹೋದ. ಆಮೇಲೆ ಮನೆಯಲ್ಲಿ ಒಲೆ ಹೊತ್ತಿಲ್ಲ, ಬರೀ ಚುರುಮುರಿ.

"ನಾನೂ ಸುಮ್ನ ಕುಂತಿಲ್ರಿ," ಎಂದಳು. "ಆ ಇಬ್ಬರಿಗೆ ಹೇಳಿ ಅವನ್ನ ಹುಡುಕಿಸೀನಿ. ಖರೇ ಹೆಸರು, ಊರು, ಕೆಲಸ ಮಾಡೋ ಜಾಗ ಎಲ್ಲಾ ಸಿಕ್ಕೈತಿ. ಮನಿ ಫೋಟೊನೂ ಐತಿ. ಈ ಮನಷ್ಯಾ ಹೆಣ್ಣಮಕ್ಕಳನ್ನ ಹೆದರಸ್ತಾನ ಅಂತ ಬರೆದಿಟ್ಟೀನಿ. ಒಂದ ಸಲ ಒತ್ತಿದ್ರ ಮೂವತ್ತೂ ಮಂದಿಗೆ ಹೋಗ್ತೈತಿ. ಅಂವ ಬರೋದ್ರಾಗ ನಾನ ಮೊದಲು ಹಾಕಬೇಕ್ರಿ. ಹಾಕ್ಲೇನು?"

ಅಜ್ಜ ಅವಳ ಕೈಯಲ್ಲಿದ್ದ ಫೋನಿನ ಕಡೆ ನೋಡಿದರು.

"ಕೈ ಕಡಿಸಿದ್ದು ಓದು," ಎಂದರು.

"ಅದ್ಯಾಕ್ರಿ?"

"ಓದು."

ಅವಳು ಹುಡುಕಿ ತೆಗೆದು ಓದಿದಳು. "'ಇಬ್ಬರು ಅವನನ್ನು ನೆಲಕ್ಕೆ ಒತ್ತಿ ಹಿಡಿದರು. ಹೊನ್ನಾಂಬೆ ಕೊಡಲಿ ಕೈಗೆತ್ತಿಕೊಂಡಳು. ಅವಳಿಗೆ ಅವಸರವಿರಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಇನ್ನು ಮೇಲೆ ನಿನಗೆ ಉಣ್ಣಿಸುವವರು ಯಾರು ಎಂದು ಕೇಳಿದಳು...'"

ಬರೆದ ದಿನ ಈ ಸಾಲುಗಳಿಗೆ ಎಷ್ಟೊಂದು ಮೆಚ್ಚುಗೆ ಬಂದಿತ್ತು. ಈಗ ಬಾಯಿಬಿಟ್ಟು ಓದುವಾಗ ನಾಲಿಗೆ ಒಣಗಿತು. ತಲೆಯೆತ್ತಿ ನೋಡಿದಳು.

ಅಜ್ಜ ತಮ್ಮ ಬಲಗೈಯನ್ನು ಮೆಲ್ಲಗೆ ಹೊದ್ದ ಶಾಲಿನೊಳಗೆ ಎಳೆದುಕೊಂಡಿದ್ದರು.

"ಅಜ್ಜಾರ, ಇದು ಕಥಿ ಐತ್ರಿ."

"ಹೌದವ್ವ. ಕಥಿನ."

ಹಾಗೆಂದರೂ ಅವರು ಕೈಯನ್ನು ಹೊರಗೆ ತೆಗೆಯಲಿಲ್ಲ. ಅವರ ಮುಖದಲ್ಲಿ ನಗುವಿರಲಿಲ್ಲ. ದಾಕ್ಷಾಯಣಿಗೆ ಅಲ್ಲಿಂದ ಮುಂದೆ ಓದಲಾಗಲಿಲ್ಲ.

"ಅಂವ ಬರೆದ ಬಾಗಿಲಾ ಕಥಿಯೊಳಗಿಂದೋ, ನಿನ್ನ ಮನಿದೋ?" ಎಂದು ಅಜ್ಜ ಕೇಳಿದರು.

"ಅದ ಗೊತ್ತಿಲ್ರಿ."

"ಯಾರಿಗೆ ಗೊತ್ತು?"

"ಅವಗ ಗೊತ್ತು."

"ಮತ್ತ ಅವನ್ನ ಕೇಳು."

"ಕೇಳಿದ್ರ ನಾನು ಹೆದರೀನಿ ಅಂತ ಅವಗ ಗೊತ್ತಾಗ್ತೈತ್ರಿ."

"ಹೆದರಿಲ್ಲೇನು?"

"ಖರೇನ ಕೆಟ್ಟ ಮನಷ್ಯಾ ಇದ್ರ?"

"ಇದ್ರ ನಿನ್ನ ಜೋಡಿ ನಾನೂ ಪೊಲೀಸ್ ಸ್ಟೇಷನ್ನಿಗೆ ಬರ್ತೀನಿ. ಇವತ್ತ ಬರ್ತೀನಿ. ಮೊದಲು ಕೇಳು."

ಬಳಗದಲ್ಲಲ್ಲ, ಅವನೊಬ್ಬನಿಗೇ ಬರೆಯಲು ಹೊರಟಳು. ಬರೆದಳು, ಅಳಿಸಿದಳು. ಮತ್ತೆ ಬರೆದಳು. ಹೊನ್ನಾಂಬೆಯ ಮಾತು ಎಷ್ಟು ಬೇಕಾದರೂ ಬರುತ್ತಿತ್ತು. ತನ್ನ ಮಾತೇ ಬರುತ್ತಿರಲಿಲ್ಲ. ಕೊನೆಗೆ ಇಷ್ಟು ಬರೆದಳು: "ಕೇಳುತ್ತಿರುವುದು ಹೊನ್ನಾಂಬೆಯಲ್ಲ, ಅವಳನ್ನು ಬರೆಯುವವಳು. ಬಾಗಿಲು ಎಂದಿರಲ್ಲ, ಯಾವ ಬಾಗಿಲು? ನನಗೆ ಹೆದರಿಕೆಯಾಗಿದೆ."

ಕಳಿಸಿದ ಮೇಲೆ ಫೋನನ್ನು ಮೆಟ್ಟಿಲ ಮೇಲೆ ದೂರ ಇಟ್ಟಳು.

ರಸ್ತೆಯಲ್ಲಿ ಒಂದು ಬೈಕು ಬಂತು. ಅವಳು ಅಜ್ಜನ ಹತ್ತಿರಕ್ಕೆ ಸರಿದಳು. ಬೈಕು ನಿಲ್ಲದೆ ಹೋಯಿತು.

ಅವನು ಬರೆಯುತ್ತಿದ್ದಾನೆ ಎಂದು ಫೋನು ತೋರಿಸಿತು. ನಿಂತಿತು. ಮತ್ತೆ ತೋರಿಸಿತು, ಮತ್ತೆ ನಿಂತಿತು. ಇಷ್ಟು ಹೊತ್ತು ಏನು ಬರೆಯುತ್ತಾನೆ? ಅವಳು ಫೋನನ್ನು ಮತ್ತೆ ಕೈಗೆತ್ತಿಕೊಂಡಳು.

ಉತ್ತರ ಬಂತು. ಅವಳು ಅಜ್ಜನಿಗೆ ಕೇಳುವಂತೆ ಓದತೊಡಗಿದಳು.

"'ಕೋಟೆಯ ಬಾಗಿಲು. ಕಥೆಯ ಮಾತು ಅಷ್ಟೇ, ಅಕ್ಕಾ. ನಿಮಗೆ ಹೆದರಿಕೆ ಹುಟ್ಟಿಸಿದ್ದರೆ ತಪ್ಪಾಯಿತು. ನೀವು ನನ್ನ ಊರು, ಮನೆ ಎಲ್ಲಾ ಹುಡುಕಿಸಿದ್ದೀರಿ ಎಂದು ಬಳಗದವರೊಬ್ಬರು ಹೇಳಿದರು. ಮೂರು ದಿನದಿಂದ ನಾನು ಮಗ್ಗದ ಕೆಲಸಕ್ಕೆ ಹೋಗಿಲ್ಲ. ಮನೆಯಲ್ಲಿ ಅವ್ವ ಒಬ್ಬಳೇ ಆಗುತ್ತಾಳೆ. ನೀವು ಮೂವರೂ ಕೂಡಿ ಆ ಕೈ ಕಡಿದ ರೀತಿ ನೋಡಿ ನನಗೆ...'"

ಅಲ್ಲಿಗೆ ಅವಳ ದನಿ ನಿಂತಿತು. ಕೊನೆಯ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡಳು. ದಯವಿಟ್ಟು ಯಾರನ್ನೂ ಕಳಿಸಬೇಡಿ, ಎಂದಿತ್ತು.

ಅವಳು ಅವನ ಮನೆಯ ಫೋಟೊ ತೆಗೆದಳು. ತಗಡಿನ ಮಾಡು, ಮುಂದೊಂದು ಕಟ್ಟೆ. ಕಟ್ಟೆಯ ಮೇಲೆ ಮುದುಕಿಯೊಬ್ಬಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಇಷ್ಟು ದಿನ ಅದೇ ಫೋಟೊವನ್ನು ಎಷ್ಟೋ ಸಲ ನೋಡಿದ್ದಳು. ಮುದುಕಿ ಕಣ್ಣಿಗೇ ಬಿದ್ದಿರಲಿಲ್ಲ.

ಫೋಟೊ ಅಳಿಸಿದಳು. ಮೂವತ್ತು ಮಂದಿಗೆ ಕಳಿಸಲು ಬರೆದಿಟ್ಟಿದ್ದನ್ನು ಅಳಿಸಿದಳು. ಆ ಇಬ್ಬರಿಗೂ ಅಳಿಸಿರೆಂದು ಬರೆದಳು, ಅವರು ಅಳಿಸಿದ್ದೇವೆ ಎನ್ನುವವರೆಗೂ ಕಾದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ನಾಲ್ಕು ದಿನದಲ್ಲಿ ಮೊದಲ ಸಲ ಹಿಂದೆ ತಿರುಗಿ ನೋಡದೆ ಕೂತಳು.

"ಎಲ್ಲಾ ಅಳಿಸಿದ್ನಿ ಅಜ್ಜಾರ," ಎಂದಳು. "ಹೆದರಿಕಿ ಹೋತ್ರಿ."

ಅಜ್ಜ ಹೊಳೆಯ ಕಡೆ ನೋಡುತ್ತಿದ್ದರು.

"ನಿಂದು ಹೋತು," ಎಂದರು. "ಅಂವ ನಾಳೆ ಕೆಲಸಕ್ಕ ಹ್ಯಾಂಗ ಹೋಗ್ಬೇಕು?"