ನೂರಕ್ಕೆ ನೂರು ಪಡೆದ ವಾಕ್ಯ

ಇಂಟರ್ನೆಟ್ ಕರೆಯಲ್ಲಿ ದನಿ ಎಷ್ಟು ಸ್ಪಷ್ಟವಾಗಿ ತಲುಪುತ್ತದೆ ಎಂದು ಅಳೆಯಲು ಸಂಶೋಧಕಿ ಮಂದಾಕಿನಿ ಒಂದು ವಾಕ್ಯವನ್ನು ರೆಕಾರ್ಡ್ ಮಾಡಿಟ್ಟಿದ್ದಳು: ‘ದೋಣಿ ಸುಖವಾಗಿ ದಡ ಸೇರಿತು.’ ಕಂಪ್ಯೂಟರು ಅದನ್ನು ದಿನವಿಡೀ ಅವಳ ಮೊಬೈಲಿಗೆ ಕಳಿಸಿ, ಪ್ರತಿ ಸಲವೂ ಅಂಕ ಕೊಡುತ್ತಿತ್ತು. ಆ ವಾರ ನೂರಕ್ಕೆ ನೂರು ಒಮ್ಮೆಯೂ ತಪ್ಪಿರಲಿಲ್ಲ. ವಾಕ್ಯಕ್ಕೆ ನೆಲವೇ ಕಾಣದಷ್ಟು ಜಂಬ ಬಂದಿತ್ತು.

ಒಂದು ಮಧ್ಯಾಹ್ನ ಅದೇ ಹಾದಿಯಲ್ಲಿ ಒಂದು ಮಾತು ಕುಂಟುತ್ತ ಬಂತು. ಅದು ಹೊರಟ ಕಡೆ ಸಿಗ್ನಲ್ ಸರಿಯಿಲ್ಲದೆ ಅದರ ಅರ್ಧ ಅಕ್ಷರಗಳು ದಾರಿಯಲ್ಲೇ ಉದುರಿಹೋಗಿದ್ದವು.

“ಯಾರು ನೀನು?” ಎಂದು ವಾಕ್ಯ ಗದರಿತು.

“ಹೆರಿಗೆ ಆಸ್ಪತ್ರೆಯಿಂದ ಮಂದಾಕಿನಿಯ ತಮ್ಮ ಆಡಿದ ಮಾತು.”

“ಈ ಅವತಾರದಲ್ಲಿ ಅವಳ ಕಿವಿಗೆ ಬೀಳುತ್ತೀಯಾ? ನಾನು ಬೆಳಗಿನಿಂದ ನಾನೂರು ಸಲ ಬಂದಿದ್ದೇನೆ, ಒಂದಕ್ಷರವೂ ಸವೆದಿಲ್ಲ. ನಿನಗೆ ಹತ್ತು ಅಂಕವೂ ದಕ್ಕದು. ಹಿಂದಿರುಗು.”

“ದಕ್ಕದಿದ್ದರೆ ಬೇಡ. ಅವಳು ಆಗಲೇ ಫೋನನ್ನು ಕಿವಿಗೆ ಹಿಡಿದಿದ್ದಾಳೆ. ದಾರಿ ಬಿಡು,” ಎಂದಿತು ಮಾತು. ತಲೆ ತಗ್ಗಿಸದೆ ಮುಂದೆ ನಡೆಯಿತು.

“ಅಕ್ಕಾ... ಹೆಣ್ಣು ಮ... ಇಬ್ರೂ ಆರಾ...”

ಮಂದಾಕಿನಿಗೆ ಕೇಳಿಸಿದ್ದು ಅಷ್ಟೇ. “ಅಯ್ಯೋ ನನ್ನ ಬಂಗಾರಾ!” ಎಂದು ಕೂಗಿ, ಅಳುತ್ತ ನಗುತ್ತ, ಮೊಬೈಲನ್ನು ಮೇಜಿನ ಮೇಲೇ ಮರೆತು ಆಸ್ಪತ್ರೆಯ ಕಡೆಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿನ ಮೊಬೈಲು ಸ್ಪಷ್ಟವಾಗಿ ನುಡಿಯಿತು: ‘ದೋಣಿ ಸುಖವಾಗಿ ದಡ ಸೇರಿತು.’ ಕಂಪ್ಯೂಟರು ಎಂದಿನಂತೆ ನೂರಕ್ಕೆ ನೂರು ಕೊಟ್ಟಿತು. ವಾಕ್ಯ ಎದೆಯುಬ್ಬಿಸಿ ಸುತ್ತ ನೋಡಿತು.

ಕೋಣೆಯಲ್ಲಿ ಯಾರೂ ಇರಲಿಲ್ಲ.